ಮೈಲುತುತ್ತದೊಳಗಿನ ನೀರು

ಅಮ್ಮನ ಅಂತ್ಯಕ್ರಿಯೆಗೆ ಬಂದವರಿಗೆ ಹಂಚಲೆಂದು ಬೇಯಿಸಿದ ಗೋಧಿಯನ್ನು ಬಿಳಿ ಬಟ್ಟೆಯ ಮೇಲೆ ಹರಡುತ್ತಿದ್ದ ರುಮ್ಯಾನಾಳ ಕೈಯನ್ನು ಚಿಕ್ಕಮ್ಮ ದೋನ್ಕಾ ಹಿಡಿದು ನಿಲ್ಲಿಸಿದಳು.

"ಸಾಕು ಬಿಡೆ. ಗೋಧಿ ಆರಿಸೋಕೆ ಬೇರೆ ಹೆಂಗಸರಿದ್ದಾರೆ. ಅಮ್ಮನ ಪೆಟ್ಟಿಗೆ ಹತ್ರ ಕೂತು ಒಂದಿಷ್ಟು ಅಳು. ನಿನ್ನ ಕಣ್ಣೇ ಒದ್ದೆಯಾಗಿಲ್ಲ ಅಂತ ಪ್ಲೋವ್ದಿವ್‌ನಿಂದ ಬಂದ ನೆಂಟರೆಲ್ಲ ಆಡಿಕೊಳ್ತಿದ್ದಾರೆ."

"ಅಳು ಬರ್ತಿಲ್ಲ, ಚಿಕ್ಕಮ್ಮ."

"ಬರ್ತಿಲ್ಲ ಅಂದ್ರೆ? ಹೆತ್ತೋಳಲ್ವಾ?"

ರುಮ್ಯಾನಾಳಿಗೂ ಅದೇ ಭಯ. ಅಮ್ಮನನ್ನು ತಾನು ಪ್ರೀತಿಸಲೇ ಇಲ್ಲವೇನೋ.

ಅಮ್ಮನ ತರಗತಿಯಲ್ಲಿ ಅವಳ ಜೊತೆ ಓದಿದ್ದ ನೆರೆಮನೆಯ ಕೋಲ್ಯೋ ಬಾಗಿಲಲ್ಲಿ ಟೊಪ್ಪಿ ಹಿಡಿದು ನಿಂತಿದ್ದ. "ಬಿಡಿ ಚಿಕ್ಕಮ್ಮ. ಟೀಚರ್ ಮುಂದೆ ಅಳೋ ಧೈರ್ಯ ನಮಗ್ಯಾರಿಗಿತ್ತು? ರಸಾಯನಶಾಸ್ತ್ರದಲ್ಲಿ ನನಗೆ ಯಾವಾಗಲೂ ಎರಡೇ ಅಂಕ."

"ನಿನಗೆ ಅದೇ ಜಾಸ್ತಿ," ಎಂದಳು ದೋನ್ಕಾ.

"ಎರಡು ಅಂದ್ರೇನೇ ಫೇಲು, ಅದಕ್ಕಿಂತ ಕಮ್ಮಿ ಕೊಡೋ ಹಾಗಿರಲಿಲ್ಲವಲ್ಲ."

*

ರುಮ್ಯಾನಾಳಿಗೂ ಒಮ್ಮೆ ಎರಡು ಬಂದಿತ್ತು. ಕರಿಹಲಗೆಯ ಮೇಲೆ ಮೈಲುತುತ್ತದ ಸೂತ್ರ, ಅಣುತೂಕ ಲೆಕ್ಕ ಹಾಕಬೇಕು. ತಾಮ್ರ ಅರವತ್ತನಾಲ್ಕು, ಗಂಧಕ ಮೂವತ್ತೆರಡು, ನಾಲ್ಕು ಆಮ್ಲಜನಕಕ್ಕೆ ಅರವತ್ತನಾಲ್ಕು. ಒಟ್ಟು ನೂರ ಅರವತ್ತು ಎಂದು ಬರೆದು ತಿರುಗಿದಳು. "ಕೂತ್ಕೋ" ಎಂದಳು ಅಮ್ಮ, ಬೇರೆ ಮಕ್ಕಳಿಗೆ ಹೇಳುವ ದನಿಯಲ್ಲೇ.

ಸಂಜೆ ಮಗಳು ಊಟ ಮುಟ್ಟಲಿಲ್ಲ. ಅಮ್ಮ ರಮಿಸಲೂ ಇಲ್ಲ. ದ್ರಾಕ್ಷಿಗೆ ಹೊಡೆಯಲು ತಂದಿದ್ದ ನೀಲಿ ಹರಳುಗಳನ್ನು ತಗಡಿನ ಮುಚ್ಚಳದಲ್ಲಿ ಒಲೆಯ ಮೇಲಿಟ್ಟಳು. ನೋಡನೋಡುತ್ತ ನೀಲಿ ಎಲ್ಲಿಗೋ ಹೊರಟುಹೋಯಿತು, ನಿದ್ದೆಯಿಂದ ಎದ್ದಾಗ ಕನಸು ಹೋಗುವ ಹಾಗೆ. ಉಳಿದದ್ದು ಬಿಳಿ ಪುಡಿ.

"ನೀನು ಲೆಕ್ಕ ಹಾಕಿದ್ದು ಇದನ್ನ. ಹರಳಲ್ಲಿ ಇದರ ಜೊತೆ ಐದು ನೀರಿನ ಅಣು ಇರುತ್ತೆ, ಸೂತ್ರದ ಕೊನೇಲಿ. ಆ ತೊಂಬತ್ತು ಬಿಟ್ಟುಬಿಟ್ಟೆ. ಹರಳು ಕಲ್ಲಿನ ಹಾಗೆ ಒಣಗಿ ಕಾಣುತ್ತೆ ನೋಡು, ಅದಕ್ಕೇ ಎಲ್ಲರೂ ಮರೀತಾರೆ."

ಬೆರಳ ತುದಿಯಿಂದ ಪುಡಿಯ ಮೇಲೆ ಒಂದು ಹನಿ ನೀರು ಬಿಟ್ಟಳು. ಬಿದ್ದಲ್ಲಿ ನೀಲಿ ಅರಳಿತು.

*

"ಇವಳಿಗೇನು ತಲೆ ಕೆಟ್ಟಿದೆಯಾ? ಪೆಟ್ಟಿಗೆ ಎತ್ತೋ ಹೊತ್ತಲ್ಲಿ ಮೈಲುತುತ್ತ ಕಾಯಿಸ್ತಿದ್ದಾಳೆ," ಎಂದಳು ದೋನ್ಕಾ.

"ಟೀಚರ್ ಮಗಳು, ಕಾಯಿಸಲಿ," ಎಂದ ಕೋಲ್ಯೋ.

ಹಳೆಯ ಮುಚ್ಚಳದಲ್ಲಿ ಪುಡಿ ಬೆಳ್ಳಗಾಗಿತ್ತು. ರುಮ್ಯಾನಾ ಅದನ್ನಿಳಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟು ಆರಲು ಬಿಟ್ಟಳು. ಹೊರಗೆ ಗಂಟೆ ಬಾರಿಸತೊಡಗಿತು. ದ್ರಾಕ್ಷಿ ಚಪ್ಪರದ ನೆರಳಿನಲ್ಲಿ ಪೆಟ್ಟಿಗೆ, ಹೊತ್ತವರ ಕಾಲುಗಳೇ ಕಾಣದಂತೆ, ತೇಲಿಕೊಂಡು ಹೋಗುತ್ತಿತ್ತು.

ದೋನ್ಕಾ ತುಂಬಿದ ಹೂಜಿ ತಂದಳು. "ಬಾ, ಅಮ್ಮನ ಹಿಂದೆ ನೀರು ಚೆಲ್ಲಬೇಕು. ದಾರಿ ಸಲೀಸಾಗಲಿ."

ರುಮ್ಯಾನಾ ಮುಚ್ಚಳದ ಮೇಲೆ ಮುಖ ಬಾಗಿಸಿಕೊಂಡೇ ಇದ್ದಳು. ದೋನ್ಕಾ ಹತ್ತಿರ ಬಂದು ಇಣುಕಿದಳು. ಹೂಜಿಯಿಂದ ಇನ್ನೂ ಒಂದು ಹನಿಯೂ ಚೆಲ್ಲಿರಲಿಲ್ಲ. ಮುಚ್ಚಳದ ಬಿಳುಪಿನಲ್ಲಿ ಒಂದು ನೀಲಿ ಚುಕ್ಕೆ ಮೂಡಿತ್ತು; ಅದರ ಪಕ್ಕದಲ್ಲಿ ಇನ್ನೊಂದು.