ಅರ್ಧ ಹೊಲಿದ ಚೀಲ

ನೆರೆ ಬಂದ ಹೊಸದರಲ್ಲಿ ಟೈಲರಕ್ಕನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಳೆಯಾಚೆ ಮನೆ ಕಳೆದುಕೊಂಡವರಿಗೆ ತಗಡಿನ ಮಾಡು ಹಾಕಿಸಬೇಕು, ಅದಕ್ಕೆ ಬಟ್ಟೆ ಚೀಲ ಹೊಲಿದು ಮಾರೋಣ ಎಂದು ಬೀದಿಯ ಹೆಂಗಸರೆಲ್ಲ ಸೆರಗು ಕಟ್ಟಿ ನಿಂತಿದ್ದರು. ಎರಡು ತಿಂಗಳಾಗುವಷ್ಟರಲ್ಲಿ ಉತ್ಸಾಹ ಟುಸ್ಸೆಂದಿತು. ಬೇಸಿಗೆ ಮುಗಿಯುತ್ತ ಬಂದ ಈಗ ಅಂಗಡಿಯಲ್ಲಿ ಟೈಲರಕ್ಕ ಮತ್ತು ಅವಳ ಮಷಿನ್ನು, ಇಬ್ಬರೇ.

ಮೊದಲ ಸಾಲಿನ ಮನೆಗಳಿಗೆ ತಗಡು ಹಾಕಿಯಾಗಿತ್ತು. ಎರಡನೇ ಸಾಲಿನಲ್ಲಿ ಅವಳ ಸ್ವಂತ ತಂಗಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಟಾರ್ಪಾಲಿನಡಿ ಕೂತಿದ್ದಳು. ಮಳೆಗಾಲ ಮತ್ತೆ ಹತ್ತಿರ ಬಂದಿತ್ತು. ಶನಿವಾರದೊಳಗೆ ಚೀಲ ಕೊಡದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದು ಚೀಲ ಕೊಳ್ಳುವ ಪೇಟೆಯ ವ್ಯಾಪಾರಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

"ಜನರ ಕರುಣೆ ಎಷ್ಟು ದಿನ ಅಂತ ನೋಡಿದ್ರಲ್ಲ," ಎಂದು ಅವಳು ರವಿಕೆಯ ತೋಳು ಬಿಗಿ ಮಾಡಿಸಲು ಬಂದ ನರ್ಸಮ್ಮನ ಮುಂದೆ ಗೊಣಗಿದಳು.

"ಬರದೇ ಇರೋರ ಮನೆಗೆ ಹೋಗಿದ್ರಾ, ಅಕ್ಕ?"

"ಹೋಗಿ ಕಾಲು ಹಿಡೀಬೇಕಾ? ಅವರಿಗೇ ಅನ್ನಿಸಬೇಕು."

"ನಾನು ಮನೆಮನೆಗೆ ಹೋಗ್ತೀನಲ್ಲ, ಕಣ್ಣಿಗೆ ಬೀಳುತ್ತೆ. ಬಳೆ ಅಂಗಡಿಯಮ್ಮನ ಮಂಚದ ಕೆಳಗೆ ನೀವು ಚೀಲಕ್ಕೆ ಅಂತ ಕೊಟ್ಟ ಬಟ್ಟೆ ಇದೆ. ಮೇಷ್ಟ್ರ ಹೆಂಡತಿ ಹತ್ರ ಹಿಡಿ ಹಾಕದ ಚೀಲಗಳಿವೆ. ಮುಗಿಸಿಲ್ಲ ಅಂತ ನಾಚಿಕೆ. ನಿಮ್ಮ ಅಂಗಡಿ ತಪ್ಪಿಸಿ ಸುತ್ತುಹಾಕಿ ಹೋಗ್ತಾರೆ."

"ಹಾಗೇ ತಂದುಕೊಡೋಕೆ ಏನಾಗಿತ್ತು?"

ನರ್ಸಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಟೈಲರಕ್ಕನೇ ಸೀಮೆಸುಣ್ಣದಲ್ಲಿ ಬರೆದಿದ್ದಳು: 'ಪೂರ್ತಿ ಹೊಲಿದ ಚೀಲ ಮಾತ್ರ ತನ್ನಿ.' ಒಮ್ಮೆ ಸೊಟ್ಟ ಹೊಲಿಗೆ ಬಿಚ್ಚಿ ಬಿಚ್ಚಿ ಸುಸ್ತಾದಾಗ ಸಿಟ್ಟಿನಲ್ಲಿ ಗೀಚಿದ್ದು. ಅವಳ ಮುಖ ಸಣ್ಣದಾಯಿತು. ಆದರೂ ಸೋಲೊಪ್ಪುವ ಜಾಯಮಾನ ಅವಳದಲ್ಲ.

"ಅರೆಬರೆ ತಂದು ಸುರಿದ್ರೆ ನಾನೊಬ್ಬಳೇ ಮುಗಿಸಬೇಕಾ?"

"ನೀವ್ಯಾಕೆ? ಒಬ್ಬರು ಕತ್ತರಿಸಲಿ, ಒಬ್ಬರು ಅಂಚು ಮಡಿಸಲಿ, ಮಷಿನ್ನು ಬಾರದವರು ಹೊಲಿದ ಹಿಡಿಯ ಒಳಮೈ ಹೊರಗೆ ಮಗುಚಿ ಕೊಡಲಿ. ಅರ್ಧ ಗಂಟೆ ಕೂತು ಹೋದ್ರೂ ಸಾಕು ಅನ್ನಿ. ಆಮೇಲೆ, ತಗಡು ಹಾಕಿದ ಮನೆಗಳ ಫೋಟೊ ಯಾರಿಗಾದ್ರೂ ತೋರಿಸಿದ್ದೀರಾ? ಹೊಲಿದದ್ದು ಎಲ್ಲಿಗೆ ಹೋಯ್ತು ಅಂತ ಗೊತ್ತಾಗದಿದ್ರೆ ಯಾರ ಕೈ ಓಡುತ್ತೆ?"

ಟೈಲರಕ್ಕ ಒದ್ದೆ ಬಟ್ಟೆ ತಂದು ಬಾಗಿಲು ಒರೆಸಿದಳು. ಅಳತೆ ಟೇಪು ಕೊರಳಲ್ಲಿರುವಂತೆಯೇ ಬಳೆ ಅಂಗಡಿಯಮ್ಮನ ಮನೆಗೆ ಹೋದಳು.

ಅವಳನ್ನು ಕಂಡದ್ದೇ ಆಕೆ ಕಕ್ಕಾಬಿಕ್ಕಿಯಾದಳು. "ನಾಳೆ ಮುಗಿಸೇ ಬಿಡ್ತೀನಿ, ಅಕ್ಕ. ಅತ್ತೆಗೆ ಹುಷಾರಿರಲಿಲ್ಲ..."

"ಮುಗಿಸೋದು ಬೇಡ ತಾಯಿ, ಹಾಗೇ ಕೊಡು. ಬಿಡುವಾದಾಗ ಬಂದು ಹಿಡಿ ಮಗುಚು, ಸಾಕು. ಹಾಗೆ ಬರೆದದ್ದು ನನ್ನದೇ ತಪ್ಪು."

ಆಕೆ ಮಂಚದ ಕೆಳಗೆ ಬಗ್ಗಿದವಳು ಕಣ್ಣೊರೆಸಿಕೊಂಡೇ ಮೇಲೆದ್ದಳು. ಮರುದಿನ ಆಕೆ ಬಂದಳು, ಮೇಷ್ಟ್ರ ಹೆಂಡತಿಯೂ ಬಂದಳು. ಫೋಟೊ ಕೈಯಿಂದ ಕೈಗೆ ಹೋಯಿತು. ಶನಿವಾರ ಚೀಲದ ಮೂಟೆ ಹೊರಟಿತು.

ಮೊದಲ ಮಳೆ ಬಿದ್ದ ಬೆಳಗ್ಗೆ ತಂಗಿಯ ಫೋನು. "ರಾತ್ರಿಯಿಡೀ ತಗಡಿನ ಮೇಲೆ ಮಳೆ ಸದ್ದು, ಅಕ್ಕ. ನನ್ನ ಕಿವಿ ಕಿತ್ತುಹೋಯ್ತು. ಮಕ್ಕಳು ಮಾತ್ರ ಇನ್ನೂ ಎದ್ದಿಲ್ಲ." ಟೈಲರಕ್ಕ ಫೋನು ಹಿಡಿದುಕೊಂಡೇ ಅತ್ತಳು.

ಓದುವವರೇ, ಮೂರನೇ ಸಾಲಿನ ಮಕ್ಕಳು ಇನ್ನೂ ಟಾರ್ಪಾಲಿನ ಕೆಳಗೇ ಇದ್ದಾರೆ. ನಿಮ್ಮ ಮನೆಯಲ್ಲಿ ಅರ್ಧಕ್ಕೆ ನಿಂತ ಚೀಲವಿದ್ದರೆ ನಾಚಿಕೆ ಬೇಡ, ಹಾಗೇ ಟೈಲರಕ್ಕನ ಅಂಗಡಿಗೆ ತನ್ನಿ. ಮುಗಿಸಲು ನಾವು ಇದ್ದೇವೆ.