ಒಲೆಯ ಮೇಲೆ ಒಂಟೆ

ನನ್ನ ಪಿಎಚ್.ಡಿ.ಗೆ ವಿಭಾಗದವರು ಕೊಟ್ಟ ಕೊನೆಯ ಗಡುವಿಗೆ ಆರು ವಾರ ಉಳಿದಿತ್ತು. ಅಷ್ಟರೊಳಗೆ ಪ್ರಯೋಗ ಮುಗಿಸದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಪತ್ರವೂ ಬಂದಿತ್ತು. ಪ್ರಯೋಗಕ್ಕೆ ಅರವತ್ತು ದಾಟಿದ ಇಪ್ಪತ್ತು ಹೆಂಗಸರು ಬೇಕು, ಸಿಕ್ಕಿದ್ದು ಸೊನ್ನೆ. ಆಗ ನನ್ನ ಮಾನ ಉಳಿಸಿದವರು ನಮ್ಮ ಅತ್ತೆ. ಒಂದೇ ಮಧ್ಯಾಹ್ನ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು, ಒಲ್ಲೆ ಅಂದವರಿಗೆ ಎರಡು ಮಾತು ಅಂದು, ಹದಿನೆಂಟು ಜನರನ್ನು ಒಪ್ಪಿಸಿದರು. ಜೊತೆಗೆ ತಾವು, ಮತ್ತು ನಮ್ಮ ಮಹಡಿಯ ಮೇಲಿರುವ ತಮ್ಮ ಓರಗಿತ್ತಿ, ಅಂದರೆ ನನ್ನ ಚಿಕ್ಕತ್ತೆ.

ಪ್ರಯೋಗ ಸರಳ. ಹತ್ತು ಜನರಿಗೆ ನೆನಪಿಡುವ ಒಂದು ಉಪಾಯ ಕಲಿಸುವುದು. ಕಣ್ಣು ಮುಚ್ಚಿ, ಗೊತ್ತಿರುವ ಮನೆಯೊಳಗೆ ಮನಸ್ಸಿನಲ್ಲೇ ನಡೆಯುತ್ತಾ, ಪಟ್ಟಿಯಲ್ಲಿರುವ ಒಂದೊಂದು ವಸ್ತುವನ್ನು ಒಂದೊಂದು ಜಾಗದಲ್ಲಿ ಇಡಬೇಕು. ಹೊಸ್ತಿಲ ಮೇಲೆ ಮೊಸಳೆ, ಕಿಟಕಿಯಲ್ಲಿ ಕೊಡಲಿ. ಬೇಕಾದಾಗ ಮತ್ತೆ ನಡೆದು ಎತ್ತಿಕೊಂಡರಾಯಿತು. ಉಳಿದ ಹತ್ತು ಜನ ಕಂಟ್ರೋಲ್ ಗುಂಪು. ಅವರಿಗೆ ಏನೂ ಕಲಿಸುವಂತಿಲ್ಲ. ಪಕ್ಕದ ಕೋಣೆಯಲ್ಲಿ ಅಷ್ಟೇ ಹೊತ್ತು ಹಳೇ ವಾರಪತ್ರಿಕೆ ತಿರುವುತ್ತಾ ಕೂರಬೇಕು. ಮೂರು ವಾರದ ನಂತರ ಎರಡೂ ಗುಂಪಿಗೆ ಒಂದೇ ಪರೀಕ್ಷೆ. ಕಲಿತವರು ಮುಂದಿದ್ದರೆ ನಾನು ಡಾಕ್ಟರ್.

ಚೀಟಿ ಎತ್ತಿ ಗುಂಪು ಮಾಡಿದವರು ನನ್ನ ಗೈಡ್. ಯಾರು ಏನು ಹೇಳಿದರೂ "ಒಬ್ಬರ ಕಥೆ ಬೇಡ, ಸರಾಸರಿ ಎಷ್ಟು?" ಎನ್ನುವುದರಿಂದ ಅವರಿಗೆ ನಾವಿಟ್ಟ ಹೆಸರು ಸರಾಸರಿ ಮೇಡಂ. ಅವರ ಕೈಗೆ ಕರುಣೆ ಇರಲಿಲ್ಲ. ಚಿಕ್ಕತ್ತೆ ಕಲಿಯುವ ಗುಂಪಿಗೆ ಹೋದರು, ಅತ್ತೆ ಕಂಟ್ರೋಲಿಗೆ.

"ಅಂದ್ರೆ ಅವಳಿಗೆ ಪಾಠ, ನನಗೆ ಹಳೇ ಪೇಪರ್ರು," ಅಂದರು ಅತ್ತೆ, ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ.

"ಹಾಗಲ್ಲ ಅತ್ತೆ, ನೀವಿಲ್ಲದಿದ್ರೆ ಹೋಲಿಸಿ ನೋಡೋದು ಹೇಗೆ?"

"ಓಹೋ. ಅವಳು ಎಷ್ಟು ಜಾಣೆ ಅಂತ ತೋರಿಸೋಕೆ ನಾನು ದಡ್ಡಿಯಾಗಿ ಕೂರ್ಬೇಕು. ಆಯ್ತಮ್ಮಾ, ಕೂರ್ತೀನಿ."

ಮೂರು ದಿನ ಮುಖ ಊದಿಸಿಕೊಂಡೇ ಇದ್ದರು. ನನಗೋ ಒಳಗೊಳಗೇ ಕೋಪ. ನಮ್ಮ ಮನಃಶಾಸ್ತ್ರದ ಇತಿಹಾಸದಲ್ಲಿ ಯಾರಿಗೂ ಈ ತಾಪತ್ರಯ ಇರಲಿಲ್ಲ. ನೂರು ಚಿಲ್ಲರೆ ವರ್ಷಗಳ ಹಿಂದೆ ಒಬ್ಬ ಜರ್ಮನ್ ಮಹಾನುಭಾವ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಸಾವಿರಗಟ್ಟಲೆ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. ಅವನಿಗೆ ಅವನೇ ಸಾಕಾಗಿತ್ತು, ಪುಣ್ಯವಂತ. ಆಮೇಲೆ ಬಂದವರು ಮನಸ್ಸು ಎಂಬ ಮಾತೆತ್ತಿದರೆ ಸಿಡುಕುತ್ತಿದ್ದರು. ದಶಕಗಟ್ಟಲೆ ಇಲಿಗಳನ್ನು ಗೋಜಲು ದಾರಿಯ ಪೆಟ್ಟಿಗೆಗಳಲ್ಲಿ ಓಡಿಸಿ ನೋಡಿದರು. ಕಂಪ್ಯೂಟರ್ ಬಂದ ಮೇಲೆ ಮನಸ್ಸಿಗೆ ಮತ್ತೆ ಮರ್ಯಾದೆ ಬಂತು. ನನಗೆ ಮಾತ್ರ ಇಲಿಗಳ ಕಾಲವೇ ಚೆನ್ನಾಗಿತ್ತು ಅನ್ನಿಸಿತು. ಇಲಿಗೆ ಓರಗಿತ್ತಿ ಇರುವುದಿಲ್ಲ.

ನಾಲ್ಕನೆಯ ದಿನ ಸಂಜೆ ಚಿಕ್ಕತ್ತೆ ಮೆಟ್ಟಿಲ ಮೇಲೆ ಕೂತು, ಕಣ್ಣು ಮುಚ್ಚಿ ಅಭ್ಯಾಸ ಮಾಡುತ್ತಿದ್ದರು. "ಕಪಾಟಿನ ಮೇಲೆ ಛತ್ರಿ. ಒಲೆ ಮೇಲೆ ಒಂಟೆ."

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಹೊರಗೆ ಬಂದರು. "ಯಾವ ಒಲೆ?"

"ಕೆಳಗಿಂದು ಅಕ್ಕ. ನಮ್ಮ ಮಹಡೀಲಿ ಜಾಗ ಸಾಲ್ತಾ ಇಲ್ಲ."

"ನನ್ನ ಒಲೆ ಮೇಲೆ ಒಂಟೆ ಇಡೋಕೆ ಯಾರನ್ನ ಕೇಳಿದೆ? ಇವತ್ತೇ ಉಜ್ಜಿ ತೊಳೆದಿದ್ದೀನಿ. ತೆಗಿ ಅದನ್ನ. ಹಿತ್ತಲಲ್ಲಿ ಕಟ್ಟು."

ಚಿಕ್ಕತ್ತೆ ಪಾಪ, ಕಣ್ಣು ಮುಚ್ಚಿ ಒಂಟೆಯನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಂದಿನಿಂದ ದಿನಾ ಸಂಜೆ ಇದೇ ರಂಪ. ಮೊಸಳೆ ಹೊಸ್ತಿಲ ಮೇಲೆ ಬೇಡ, ಬಂದುಹೋಗುವವರು ಎಡವುತ್ತಾರೆ. ಕೊಡಲಿ ಕಿಟಕಿಯಲ್ಲಿ ಬೇಡ, ಬಚ್ಚಲ ಪಕ್ಕ ಇರಲಿ. ಇಬ್ಬರೂ ಜಗಳವಾಡಿಕೊಂಡರೆ ನನಗೆ ಓದಲು ಬಿಡುವು ಸಿಗುತ್ತದೆ ಎಂದು ನಾನು ಬಾಗಿಲು ಹಾಕಿಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಪರೀಕ್ಷೆಯ ದಿನ ಇಪ್ಪತ್ತು ಹೊಸ ಪದ ಕೊಟ್ಟೆ. ಕಲಿತವರ ಸರಾಸರಿ ಹನ್ನೆರಡು. ಕಂಟ್ರೋಲಿನವರದು ಹದಿನೇಳು. ಅತ್ತೆಗೆ ಇಪ್ಪತ್ತಕ್ಕೆ ಹತ್ತೊಂಬತ್ತು, ಚಿಕ್ಕತ್ತೆಗೆ ಆರು. ಅಂಕಗಳನ್ನು ಮತ್ತೆ ಮೊದಲಿಂದ ಕೂಡಿದೆ, ಅಷ್ಟೇ ಬಂತು. ಹೊರಗೆ ಹೋಗುತ್ತಿದ್ದ ಕಂಟ್ರೋಲಿನ ಹೆಂಗಸೊಬ್ಬರು, ನಮ್ಮ ಮನೆಗೆ ಕಾಲೇ ಇಡದವರು, ನನ್ನ ಭುಜ ತಟ್ಟಿ, "ನಿಮ್ಮ ಮೆಟ್ಟಿಲ ಕೆಳಗಿನ ಗೂಡು ಒಂದು ಸಲ ಕ್ಲೀನ್ ಮಾಡಮ್ಮಾ, ಆನೆ ಹಿಡಿಸ್ತಾ ಇಲ್ಲ," ಅಂದರು.

ಆಗ ತಿಳಿಯಿತು. ಸಂಜೆ ಚಿಕ್ಕತ್ತೆಯಿಂದ ಕೇಳಿ ಕಲಿತ ಉಪಾಯವನ್ನೇ ಅತ್ತೆ, ವಾರಪತ್ರಿಕೆ ತಿರುವಬೇಕಿದ್ದ ಕೋಣೆಯಲ್ಲಿ ಉಳಿದ ಒಂಬತ್ತು ಜನರಿಗೆ ಹೇಳಿಕೊಟ್ಟು, ಕಣ್ಣು ಮುಚ್ಚಿಸಿ ನಮ್ಮ ಮನೆ ಸುತ್ತಿಸಿದ್ದರು.

"ನಿಮಗೆ ಆರೇ ಯಾಕೆ?" ಎಂದು ಚಿಕ್ಕತ್ತೆಯನ್ನು ಕೇಳಿದೆ.

"ಏನು ಮಾಡ್ಲಿ? ಕಣ್ಣು ಮುಚ್ಚಿ ಏನಿಟ್ರೂ ಅಕ್ಕ ಬಂದು ಎತ್ತಿಡ್ತಾರೆ. ಎಲ್ಲಿಡ್ತಾರೋ ಹೇಳೋದಿಲ್ಲ."

ಮನೆಗೆ ಬಂದು ಅತ್ತೆಯ ಮುಂದೆ ಅತ್ತೇ ಬಿಟ್ಟೆ. ಐದು ವರ್ಷದ ಓದು ನೀರುಪಾಲಾಯಿತು, ನಿಮಗೆ ನಾನೇನು ಅನ್ಯಾಯ ಮಾಡಿದ್ದೆ ಎಂದು ಕೇಳಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಹೋದ ವರ್ಷದಿಂದ ನನಗೆ ಮರೆವು ಜಾಸ್ತಿಯಾಗಿದೆ. ಬೀಗದ ಕೈ ಹುಡುಕ್ತೀನಿ, ಸೊಂಟದಲ್ಲೇ ಇರುತ್ತೆ. ನೀನು ಓದಿದವಳು, ಗಮನಿಸಿರ್ತೀಯ. ಇವರ ತಲೆ ಇನ್ನು ರಿಪೇರಿ ಆಗಲ್ಲ ಅಂತ ಆ ಕೋಣೇಲಿ ಕೂರಿಸಿದೆ ಅಂದ್ಕೊಂಡೆ. ಭಯ ಆಯ್ತು ಕಣೇ."

"ಅತ್ತೆ, ನಾನು ಕೂರಿಸಿದ್ದಲ್ಲ. ಮೇಡಂ ಎತ್ತಿದ ಚೀಟಿ ಅದು, ಬರೀ ಚೀಟಿ," ಅಂದೆ. ಅವರ ಕೈ ಹಿಡಿದುಕೊಂಡೆ. ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮರುದಿನ ಸರಾಸರಿ ಮೇಡಂ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ, ಒಂಟೆ, ಬೀಗದ ಕೈ, ಒಂದೂ ಬಿಡದೆ. ಹೆಸರು ಹೊಡೆಯುವುದಿದ್ದರೆ ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ಪ್ರಶ್ನೆಗೆ ಇದು ಉತ್ತರ ಅಲ್ಲ. ಆದರೆ ನೀನು ಕಲಿಸಿದವರಿಗಿಂತ ನಿಮ್ಮತ್ತೆ ಕಲಿಸಿದವರು ಯಾಕೆ ಮುಂದೆ ಅನ್ನೋದು ಪ್ರಶ್ನೆನೇ. ನಡೆದದ್ದು ನಡೆದ ಹಾಗೆ ಬರಿ. ಹೊಸ ಜನರನ್ನ ಸೇರಿಸಿ ಅದನ್ನೇ ಪರೀಕ್ಷಿಸು. ಆರು ತಿಂಗಳು ಕೊಡಿ ಅಂತ ನಾನು ಜಗಳ ಆಡ್ತೀನಿ."

ನಾನು ಎದ್ದೆ. ಅವರು ಕೂರು ಎಂದು ಸನ್ನೆ ಮಾಡಿದರು.

"ನಮ್ಮಮ್ಮನಿಗೆ ಎಪ್ಪತ್ತಾರು. ಈಚೆಗೆ ಗ್ಯಾಸ್ ಆರಿಸೋದು ಮರೀತಾರೆ. ಯಾರಿಗೂ ಹೇಳಿಲ್ಲ ನಾನು. ನಿಮ್ಮತ್ತೆ ಸೇರಿಸ್ಕೋತಾರಾ?"

ಸೋಮವಾರ ಮೇಡಂ ತಮ್ಮ ಅಮ್ಮನ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮುದುಕಿ ಯಾರನ್ನೂ ನೋಡದೆ ಕುರ್ಚಿಯ ತುದಿಯಲ್ಲಿ ಕೂತರು. ಅತ್ತೆ ಅವರ ಪಕ್ಕದಲ್ಲಿ ಕೂತು, ತಾವೂ ಕಣ್ಣು ಮುಚ್ಚಿದರು.

"ನಿಮ್ಮ ಮನೆ ಬಾಗಿಲು ತೆಗೀರಿ," ಅಂದರು. "ನಾನೂ ಜೊತೆಗೆ ಬರ್ತೀನಿ."