ಸೊಂಡಿಲು ದೊನ್ನೆಯಲ್ಲಿದೆ

ದಪ್ಪ ಚಾರ್ಟ್ ಹಾಳೆ ಒಂದಕ್ಕೆ ಹದಿನೈದು ರೂಪಾಯಿ. ಚಿನ್ನದ ಬಣ್ಣದ ರಟ್ಟು ಬೇಕೆಂದರೆ ನಗರ್ತಪೇಟೆಯಲ್ಲಿ ಸಗಟಿಗೆ ಕೊಂಡರೂ ಮೂವತ್ತಕ್ಕೆ ಕಡಿಮೆ ಇಲ್ಲ. ಅದರ ಮೇಲೆ ಗೋಂದು, ಮಕ್ಕಳ ಮೊಂಡು ಕತ್ತರಿ, ಬಣ್ಣ, ನಡುವೆ ಹಸಿವಾದರೆ ಬಿಸ್ಕತ್ತು. ಚಾಮರಾಜಪೇಟೆಯಲ್ಲಿ ವರ್ಷಗಟ್ಟಲೆ ಫ್ಯಾನ್ಸಿ ಸ್ಟೋರ್ ನಡೆಸಿದವಳು ನಾನು. ಯಾವುದು ಗಿಟ್ಟುತ್ತದೆ, ಯಾವುದು ಗಿಟ್ಟುವುದಿಲ್ಲ ಎಂದು ಹೇಳಲು ನನಗೆ ಕ್ಯಾಲ್ಕುಲೇಟರ್ ಬೇಕಿಲ್ಲ. ಮಕ್ಕಳ ಕ್ರಾಫ್ಟ್ ಕ್ಲಾಸು ಗಿಟ್ಟುತ್ತಿದ್ದದ್ದು ಒಂದೇ ಕಾರಣಕ್ಕೆ. ಜಾಗಕ್ಕೆ ಬಾಡಿಗೆ ಇರಲಿಲ್ಲ.

ಬಸವನಗುಡಿಯ ತುಳಸಮ್ಮನವರು ಶನಿವಾರ ಮಧ್ಯಾಹ್ನ ತಮ್ಮ ಮನೆಯ ವರಾಂಡವನ್ನು ನಮಗೆ ಬಿಟ್ಟುಕೊಟ್ಟಿದ್ದರು. ಷರತ್ತು ಒಂದೇ: ಅವರ ಕೆಂಪು ನೆಲದ ಮೇಲೆ ಗೋಂದು ಬೀಳಬಾರದು.

ಗೋಂದು ಬಿತ್ತು. ಮೂರರಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳಿರುವಲ್ಲಿ ಬೀಳದೆ ಇರುತ್ತದೆಯೇ? ಮೊಮ್ಮಕ್ಕಳು, ಸೊಸೆ, ನೆಂಟರು ಎಂದು ಸದಾ ತುಂಬಿರುವ ಮನೆ ಅದು, ಗದ್ದಲ ಅವರಿಗೆ ಹೊಸದಲ್ಲ. ಆದರೆ ಆ ನೆಲವನ್ನು ಅವರು ಕನ್ನಡಿಯ ಹಾಗೆ ಇಟ್ಟುಕೊಂಡಿದ್ದರು. ಕಲೆಯನ್ನು ಉಗುರಿನಿಂದ ಕೆರೆದು ನೋಡಿ, "ದಸರಾಕ್ಕೆ ಗೊಂಬೆ ಕೂರ್ಸೋಕೆ ವರಾಂಡ ಬೇಕು, ಕೋಕಿಲಾ. ಆಮೇಲೆ ಕ್ಲಾಸಿನ ವಿಷಯ ನೋಡೋಣ," ಎಂದರು.

ಆ ಮನೆಯಲ್ಲಿ 'ನೋಡೋಣ' ಎಂದರೆ 'ಬೇಡ' ಎಂದೇ ಅರ್ಥ. ವರಾಂಡ ಹೋದರೆ ಕ್ಲಾಸೂ ಹೋದ ಹಾಗೆ. ಬೇರೆ ಕಡೆ ಬಾಡಿಗೆ ಕೊಟ್ಟು ನಡೆಸುವ ಶಕ್ತಿ ನನಗಿರಲಿಲ್ಲ.

ಉಳಿದ ವಾರಗಳಲ್ಲಿ ಅವರ ಗೊಂಬೆ ಮೆಟ್ಟಿಲಿಗೆ ಒಪ್ಪುವಂಥ ಒಂದು ಮದುವೆ ಛತ್ರವನ್ನು ಮಕ್ಕಳ ಕೈಯಲ್ಲಿ ಮಾಡಿಸಬೇಕು, ಅದನ್ನು ನೋಡಿಯಾದರೂ ಅವರ ಮನಸ್ಸು ಕರಗಲಿ ಎಂದುಕೊಂಡೆ. ಮಕ್ಕಳಿಗೆ ಹೇಳಿದೆ: "ಮನೇಲಿ ಹಳೇ ಮದುವೆ ಕಾರ್ಡ್ ಇದ್ರೆ ತಗೊಂಡ್ಬನ್ನಿ." ಅಷ್ಟು ದಪ್ಪ, ಅಷ್ಟು ಹೊಳೆಯುವ ರಟ್ಟು ಪುಕ್ಕಟೆ ಬೇರೆಲ್ಲಿ ಸಿಗುತ್ತದೆ?

ಮುಂದಿನ ಶನಿವಾರ ಬಸವನಗುಡಿಯ ಅಟ್ಟಗಳೆಲ್ಲ ನನ್ನ ಮುಂದೆ ಬಂದು ಬಿದ್ದವು. ಲಾಸ್ಯಾಳ ಅಪ್ಪ ಶ್ರೀಧರ್ ಸ್ಕೂಟರಿನ ಹಿಂದೆ ಒಂದು ಚೀಲ, ಮುಂದೆ ಒಂದು ಚೀಲ ಹೇರಿಕೊಂಡು ಬಂದರು.

"ಮಿಸ್, ಏನಾದ್ರೂ ಮಾಡ್ಕೊಳ್ಳಿ. ವಾಪಸ್ ಮಾತ್ರ ಕಳಿಸ್ಬೇಡಿ," ಎಂದು ಕೈ ಮುಗಿದು ಗಾಡಿ ತಿರುಗಿಸಿಕೊಂಡು ಹೊರಟೇಬಿಟ್ಟರು.

ಚೀಲ ಬಿಚ್ಚಿದ ಮೇಲೆ ಅವರ ಅವಸರ ಅರ್ಥವಾಯಿತು. ಪ್ರತಿ ಕಾರ್ಡಿನ ಮೇಲೂ ಗಣಪತಿ. ಅದನ್ನು ಕಸಕ್ಕೆ ಹಾಕಲು ಯಾವ ಮನೆಯವರಿಗೂ ಕೈ ಬಂದಿಲ್ಲ. ಮದುವೆಯಾದವರ ಮಕ್ಕಳೇ ಕಾಲೇಜು ಮುಟ್ಟಿದ್ದರೂ ಕಾರ್ಡು ಅಟ್ಟದಲ್ಲಿ ಭದ್ರವಾಗಿತ್ತು.

ಮಕ್ಕಳಿಗೂ ಅದೇ ತೊಡಕು. ಕತ್ತರಿ ಹಿಡಿದು ಸುಮ್ಮನೆ ಕೂತರು.

"ಮಿಸ್, ಗಣಪತಿ ಇದಾನೆ. ಹೇಗೆ ಕಟ್ ಮಾಡೋದು?" ಎಂದಳು ಐದನೇ ಕ್ಲಾಸಿನ ಆರಾಧನಾ.

"ಮೊದ್ಲು ಒಳಗಿರೋರನ್ನ ಕ್ಷೇಮವಾಗಿ ಇಳಿಸ್ಬೇಕು, ಆಮೇಲೆ ಮನೆ ಕೆಡವ್ಬೇಕು. ಕಿವಿಗೆ, ಸೊಂಡಿಲಿಗೆ ಏಟು ಬೀಳ್ಬಾರ್ದು. ಕತ್ತರಿ ತಿರುಗಿಸ್ಬೇಡಿ, ಕಾಗದ ತಿರುಗಿಸಿ," ಎಂದೆ.

ನೇರ ಗೆರೆಯನ್ನೂ ಸೊಟ್ಟ ಕತ್ತರಿಸುತ್ತಿದ್ದ ಮಕ್ಕಳು ಅವತ್ತು ಉಸಿರು ಬಿಗಿಹಿಡಿದು ಒಂದೊಂದು ಕಿವಿಯನ್ನೂ ಸುತ್ತು ಹಾಕಿದರು. ತಿಂಗಳುಗಟ್ಟಲೆ ಗಂಟಲು ಹರಿದುಕೊಂಡರೂ ನಾನು ಕಲಿಸಲಾಗದ್ದನ್ನು ಭಯಭಕ್ತಿ ಒಂದು ಮಧ್ಯಾಹ್ನದಲ್ಲಿ ಕಲಿಸಿತು. ಬಿಡಿಸಿದ ಗಣಪತಿಗಳನ್ನೆಲ್ಲ ಒಂದು ಸ್ಟೀಲ್ ತಟ್ಟೆಯಲ್ಲಿ ಮಲಗಿಸಿದೆವು.

ಏಳನೇ ಕ್ಲಾಸಿನ ವಂಶಿಯ ಕೈ ಚುರುಕು, ಬಾಯಿ ಇನ್ನೂ ಚುರುಕು. "ನೋಡು ಗುರು, ನಾನು ನೋಡ್ದೇನೇ ಕಟ್ ಮಾಡ್ತೀನಿ!" ಎಂದು ಪಕ್ಕದವನ ಕಡೆ ತಿರುಗಿದ. ಕಚಕ್ ಎಂದಿತು. ಅದೇ ಹೊತ್ತಿಗೆ ತುಳಸಮ್ಮನವರು ನನಗೆ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಿದ್ದರು. ಗಣಪತಿಯ ಸೊಂಡಿಲು ಹಾರಿ ಅವರ ಪಾದದ ಹತ್ತಿರವೇ ಬಿತ್ತು.

"ಇದೇನಮ್ಮ ಇದು, ಕೋಕಿಲಾ?"

ನಾನು ಬಾಯಿ ತೆರೆಯುವ ಮೊದಲೇ ಕಾಫಿಯನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದರು. "ದೇವರ ಮೇಲೆ ಕತ್ತರಿ ಆಡ್ಸೋ ವಿದ್ಯೆ ನಮ್ಮನೇಲಿ ಬೇಡ. ಹಬ್ಬದ ತನಕಾನೂ ಬೇಡ. ಐದು ಗಂಟೆಗೆ ಮಕ್ಕಳನ್ನ ಕಳ್ಸಿ, ನಿಮ್ಮ ಸಾಮಾನು ಕಟ್ಕೊಳ್ಳಿ."

ಅವರು ಒಳಗೆ ಹೋದರು. ವಂಶಿ ಬಿದ್ದ ತುಂಡನ್ನು ಎತ್ತಿ ಕೈಯಲ್ಲಿ ಹಿಡಿದು ನಿಂತಿದ್ದ. "ಬೇಕು ಅಂತ ಮಾಡ್ಲಿಲ್ಲ, ಮಿಸ್."

"ಗೊತ್ತು ಪುಟ್ಟ. ಅಂಟಿಸ್ಬಹುದು, ಆದ್ರೆ ಸೀಳು ಕಾಣತ್ತೆ. ಸೀಳು ಮುಚ್ಚೋ ಹಾಗೆ ಅಲ್ಲಿ ಏನಿಡ್ಬಹುದು, ಎಲ್ಲಾರೂ ಯೋಚ್ನೆ ಮಾಡಿ." ಅಂಗಡಿಯಲ್ಲಿ ನಾನು ಕಲಿತದ್ದು ಇಷ್ಟೇ: ರಿಬ್ಬನ್ ಎಲ್ಲಿ ಹರಿದಿದೆಯೋ ಅಲ್ಲೇ ಹೂವು ಹೊಲಿಯಬೇಕು.

"ಬ್ಯಾಂಡೇಜ್ ಹಾಕೋಣ!" ಎಂದ ಒಬ್ಬ. ಅಳುವ ಮುಖದ ವಂಶಿಗೂ ನಗು ಬಂತು.

ಎಲ್ಲರಿಗಿಂತ ಚಿಕ್ಕವಳು, ಮೂರನೇ ಕ್ಲಾಸಿನ ಲಾಸ್ಯಾ. ಮೂಲೆಯಿಂದ ಹೇಳಿದಳು: "ಊಟಕ್ಕೆ ಕೂರ್ಸೋಣ ಮಿಸ್. ಮುಂದೆ ಪಾಯಸದ ದೊನ್ನೆ ಇಡೋಣ. ಸೊಂಡಿಲು ಪಾಯಸದ ಒಳಗಿದೆ, ಅದಕ್ಕೇ ಕಾಣ್ತಿಲ್ಲ."

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಒಬ್ಬನೇ ಕೂತು ಉಂಡರೆ ಬೇಜಾರು, ಎಲ್ಲ ಗಣಪತಿಗಳನ್ನೂ ಕೂರಿಸೋಣ. ಎಲ್ಲರ ಮದುವೆಗೂ ಮೊದಲು ಬರುವವನು ಅವನೇ, ಅವನಿಗೆ ಊಟ ಹಾಕಿದವರು ಯಾರು? ಐದಕ್ಕೆ ಇನ್ನೂ ಒಂದು ಗಂಟೆಯಿತ್ತು. ಹಸಿರು ಚಾರ್ಟ್ ಬಾಳೆಲೆಯಾಯಿತು. ಕಾರ್ಡಿನ ಕಂದು ಲಕೋಟೆಗಳು ದೊನ್ನೆಯಾದವು. ಹಳದಿ ಚೂರು ಚಿತ್ರಾನ್ನ, ಕೆಂಪು ಚೂರು ಉಪ್ಪಿನಕಾಯಿ. ಗಣಪತಿಗಳ ಬೆನ್ನಿಗೆ ರಟ್ಟಿನ ಆಸರೆ ಕೊಟ್ಟು, ವರಾಂಡದ ಈ ತುದಿಯಿಂದ ಆ ತುದಿಗೆ ಪಂಕ್ತಿ ಹಾಕಿದೆವು. ಈ ಸಲ ನೆಲಕ್ಕೆ ಹಳೇ ಪೇಪರ್ ಹಾಸಲು ಯಾರಿಗೂ ಹೇಳಬೇಕಾಗಲಿಲ್ಲ.

ವಂಶಿ ತಾನಾಗಿಯೇ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಅಜ್ಜಿ, ತಪ್ಪಾಯ್ತು. ಒಂದ್ಸಲ ಹೊರಗೆ ಬನ್ನಿ. ಯಜಮಾನ್ರು ಬಂದು ಹೇಳೋ ತನಕ ಯಾರೂ ಎಲೆಗೆ ಕೈ ಹಾಕಲ್ವಂತೆ. ಒಬ್ಬ ಮಾತ್ರ ತಡೀಲಾರ್ದೆ ಸೊಂಡಿಲು ಹಾಕ್ಬಿಟ್ಟಿದಾನೆ."

ತುಳಸಮ್ಮನವರು ಸೆರಗಿಗೆ ಕೈ ಒರೆಸುತ್ತ ಬಂದರು. ಮುಖ ಇನ್ನೂ ಬಿಗಿದೇ ಇತ್ತು. ಪಂಕ್ತಿಯ ಉದ್ದಕ್ಕೂ ನಿಧಾನವಾಗಿ ನಡೆದರು. ಮಕ್ಕಳು ಗೋಡೆಗೆ ಅಂಟಿಕೊಂಡು ನಿಂತಿದ್ದರು. ದೊನ್ನೆಯೊಳಗೆ ಮೂತಿ ಇಟ್ಟವನ ಮುಂದೆ ಅವರು ನಿಂತರು, ಬಗ್ಗಿ ನೋಡಿದರು.

"ಎಲೆ ಹಾಕಿದ್ದು ಯಾರು?"

"ನಾನು, ಅಜ್ಜಿ," ಎಂದಳು ಆರಾಧನಾ, ದನಿಯೇ ಇಲ್ಲದೆ.

"ತುದಿ ಎಡಗಡೆ ಬರ್ಬೇಕಮ್ಮ. ಉಲ್ಟಾ ಹಾಕಿದೀಯ. ನೆಂಟ್ರು ಏನಂದ್ಕೋತಾರೆ?" ಎಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಎಲೆ ತಿರುಗಿಸತೊಡಗಿದರು. ಮಕ್ಕಳೂ ಕೂತರು. ಎಲೆಗಳೆಲ್ಲ ಸರಿಯಾದ ಮೇಲೆ ಅವರು ಎದ್ದು ಕೈ ಜೋಡಿಸಿ, ಮದುವೆ ಮನೆಯ ಯಜಮಾನರ ಗತ್ತಿನಲ್ಲೇ ಹೇಳಿದರು: "ಎಲ್ಲಾರೂ ನಿಧಾನವಾಗಿ ಊಟ ಮಾಡಿ." ಆಮೇಲೆ ಸೊಂಡಿಲಿಲ್ಲದವನ ಕಡೆ ನೋಡಿ, "ನಿಂಗೆ ಹೇಳೋದು ದಂಡ," ಎಂದು ನಕ್ಕೇಬಿಟ್ಟರು.

ನಾನು ಸಾಮಾನು ಕಟ್ಟುತ್ತಿದ್ದಾಗ ಒಳಗಿನಿಂದ ಒಂದು ದೊಡ್ಡ ಬಟ್ಟೆಯ ಗಂಟು ತಂದು ನನ್ನ ಮುಂದಿಟ್ಟರು. ಅದರ ತುಂಬ ಮದುವೆ ಕಾರ್ಡು.

"ನಮ್ಮನೇವೂ ಇವೆ. ಎಸೆಯೋಕೂ ಆಗ್ದೆ, ಇಟ್ಕೊಳ್ಳೋಕೂ ಆಗ್ದೆ ಸಾಕಾಗಿತ್ತು. ಮೇಲಿರೋದು ನನ್ನ ಮಗಳದ್ದು, ಅದನ್ನ ಮಾತ್ರ ಮುಟ್ಬೇಡಿ. ಹಬ್ಬ ಕಳೀಲಿ, ಅದರ ಮುಂದಿನ ಶನಿವಾರ ಬಂದ್ಬಿಡಿ."

ನವರಾತ್ರಿಯಲ್ಲಿ ಕೆಳಗಿನ ಮೆಟ್ಟಿಲಿನ ಮೇಲೆ ಗಣಪತಿಗಳ ಪಂಕ್ತಿ ಕೂತಿತು. ಬಂದವರಿಗೆಲ್ಲ ತುಳಸಮ್ಮನವರು ಉಸಲಿ ಕೊಡುವ ಮೊದಲು ಪಾಯಸದ ಕತೆ ಹೇಳಿದರು. ದಿನ ಕಳೆದಂತೆ ಅವರ ಕತೆಯಲ್ಲಿ ಕತ್ತರಿಯೇ ಮಾಯವಾಯಿತು. ಗಣಪತಿಗೆ ಮೊದಲಿನಿಂದಲೂ ಹಸಿವಿತ್ತು, ಅಷ್ಟೇ.

ವರಾಂಡ ನಮಗೆ ಉಳಿಯಿತು. ಗೋಂದು ಬಿದ್ದಿದ್ದ ಕಡೆ ಕೆಂಪು ನೆಲದಲ್ಲಿ ಅಂಗೈಯಗಲ ಹೊಳಪು ಹೋಯಿತು, ಅದು ಮತ್ತೆ ಬರಲಿಲ್ಲ.